ಪ್ರಸವವೇದನೆಯೂ ಸ್ತೋತ್ರವೂ

ಹೆರಿಗೆಯೆಂಬುದು ಹೆಣ್ಣಿಗೆ ಮರುಹುಟ್ಟು ಎಂದು ನಮ್ಮ ನಾಡಿನ ಹಿರಿಯರು ಹೇಳುವುದುಂಟು. ಈ ಮಾತಿನ ಭಾರವನ್ನು ನಾವು ಎಳೆತನದಲ್ಲಿಯೇ ಅರಿತೆವು. ಏಕೆಂದರೆ ನಮ್ಮನ್ನು ಹೆತ್ತ ತಾಯಿಯವರಿಗೆ ಆ ಮರುಹುಟ್ಟು ದೊರೆಯಲಿಲ್ಲ. ನಾವು ಹುಟ್ಟಿದ ದಿನವೇ ಅವರು ಕರ್ತನಲ್ಲಿ ನಿದ್ರೆಹೋದರು. ನಮ್ಮನ್ನು ಸಾಕಿದ ಅಜ್ಜಿಯವರು ವರ್ಷವರ್ಷವೂ ಆ ದಿನ ಬೆಳಿಗ್ಗೆ ನಮಗೆ ಪಾಯಸವನ್ನು ಉಣಿಸಿ, ಸಾಯಂಕಾಲ ತಾಯಿಯವರ ಸಮಾಧಿಯ ಬಳಿಗೆ ಕರೆದುಕೊಂಡು ಹೋಗುತ್ತಿದ್ದರು. ಒಂದೇ ದಿನದಲ್ಲಿ ಸಂತೋಷಪಡುವುದೂ ದುಃಖಿಸುವುದೂ ಹೇಗೆಂಬುದು ನಮಗೆ ತಿಳಿಯುತ್ತಿರಲಿಲ್ಲ.

ಈ ಶಾಲೆಯ ಬೋರ್ಡಿಂಗಿಗೆ ಬಂದ ಮೇಲೆ, ಸತ್ಯವೇದದ ಪಾಠದಲ್ಲಿ ಆದಿಕಾಂಡದ 35ನೆಯ ಅಧ್ಯಾಯವನ್ನು ಓದಿದೆವು. ರಾಹೇಲಳು ಪ್ರಯಾಣದ ಮಧ್ಯದಲ್ಲಿ ಕಷ್ಟದಿಂದ ಹೆತ್ತು, ಪ್ರಾಣಬಿಡುವಾಗ ಕೂಸಿಗೆ ದುಃಖದ ಮಗನೆಂಬರ್ಥದಲ್ಲಿ ಬೆನೋನಿ ಎಂದು ಹೆಸರಿಟ್ಟಳು. ತಂದೆಯಾದ ಯಾಕೋಬನು ಅದನ್ನು ಬೆನ್ಯಾಮೀನ, ಅಂದರೆ ಬಲಗೈಯ ಮಗ, ಎಂದು ಮಾರ್ಪಡಿಸಿದನು. ನಾವು ಪುಸ್ತಕವನ್ನು ಮುಚ್ಚಿ ಅತ್ತೆವು. ಪಾಠ ಮುಗಿದ ಬಳಿಕ ಉಪಾಧ್ಯಾಯಿನಿಯವರು ನಮ್ಮನ್ನು ಹತ್ತಿರ ಕರೆದು, "ಯಾಕೋಬನು ಹೆಂಡತಿಯನ್ನು ಮರೆತವನಲ್ಲ, ಮಗಳೇ. ಆಕೆಯ ಸಮಾಧಿಯ ಮೇಲೆ ಕಂಬವನ್ನು ನಿಲ್ಲಿಸಿದನು. ಆದರೆ ಆ ದುಃಖವನ್ನು ಮಗುವಿನ ತಲೆಯ ಮೇಲೆ ಹೊರಿಸಲಿಲ್ಲ" ಎಂದರು. ಅಜ್ಜಿಯವರ ಪಾಯಸಕ್ಕೂ ಸಮಾಧಿಗೂ ಇದ್ದ ಸಂಬಂಧವು ಅಂದು ನಮಗೆ ತಿಳಿಯಿತು.

ಮುಂದೆ ನಾವೇ ಬಸುರಾದಾಗ ಹಳೆಯ ಭಯವು ಮರಳಿ ಬಂದಿತು. ಬೇನೆಯು ಹವ್ವಳ ಪಾಪದ ಶಿಕ್ಷೆಯೆಂದೂ, ಹೆಂಗಸು ಅದನ್ನು ಬಾಯಿಮುಚ್ಚಿ ಸಹಿಸಬೇಕೆಂದೂ ಬಂಧುಗಳೊಬ್ಬರು ಬುದ್ಧಿ ಹೇಳಿದರು. ಒಂದು ರಾತ್ರಿ, ಒಂದು ಹಗಲು ಬೇನೆ ತಿಂದೆವು. ಆಗ ದೊಡ್ಡ ಪ್ರಾರ್ಥನೆಯೊಂದೂ ನಾಲಗೆಗೆ ಬರಲಿಲ್ಲ. ನಮ್ಮಂತೆ ಈ ಕೂಸೂ ತಾಯಿಯ ಮುಖವನ್ನು ಕಾಣದೆ ಬೆಳೆಯದಿರಲಿ ಎಂಬುದೊಂದೇ ಮೊರೆ. ದೀಪ ಹಚ್ಚುವ ಹೊತ್ತಿಗೆ ಹೆಣ್ಣುಮಗುವಿನ ಅಳುವು ಕಿವಿಗೆ ಬಿದ್ದಿತು. ದಾದಿಯು ಅದನ್ನು ನಮ್ಮ ಎದೆಯ ಮೇಲೆ ಮಲಗಿಸಿದಳು.

ಯೇಸುಸ್ವಾಮಿಯು ತಾನು ಹಿಡಿಯಲ್ಪಡುವುದಕ್ಕೆ ಮುಂಚೆ ಶಿಷ್ಯರನ್ನು ಸಂತೈಸುತ್ತಾ, ಹೆರುವ ಹೆಂಗಸಿನ ಸಂಕಟವನ್ನೂ ಆಮೇಲಿನ ಸಂತೋಷವನ್ನೂ ದೃಷ್ಟಾಂತವಾಗಿ ತೆಗೆದುಕೊಂಡದ್ದು ಯೋಹಾನನ ಸುವಾರ್ತೆಯ 16ನೆಯ ಅಧ್ಯಾಯದಲ್ಲಿದೆ. ಅಲ್ಲಿ ಆತನು ಆ ತಾಯಿಯ ಮೇಲೆ ತಪ್ಪು ಹೊರಿಸಲಿಲ್ಲ. ತನ್ನ ಶಿಷ್ಯರ ದುಃಖಕ್ಕೆ ಆಕೆಯ ದುಃಖವನ್ನೇ ಹೋಲಿಸಿದನು. ನಿಜ ಹೇಳಬೇಕಾದರೆ ನಾವು ಆ ನೋವನ್ನು ಮರೆತಿಲ್ಲ. ಆದರೆ ಅದರ ವಿಷಯವಾಗಿ ದೇವರೊಡನೆ ಇದ್ದ ನಮ್ಮ ವ್ಯಾಜ್ಯವು ಅಂದೇ ತೀರಿತು.

ಕೃತಜ್ಞತೆಯು ಬಾಯಿಮಾತಿನಲ್ಲಿ ಮುಗಿಯತಕ್ಕದ್ದಲ್ಲ. 1847ರಲ್ಲಿ ಎಡಿನ್‌ಬರೋ ನಗರದ ಡಾಕ್ಟರ್ ಜೇಮ್ಸ್ ಸಿಂಪ್ಸನ್ ಅವರು ಹೆರಿಗೆಯ ನೋವನ್ನು ಶಮನಗೊಳಿಸಲು ಕ್ಲೋರೋಫಾರಮನ್ನು ಉಪಯೋಗಿಸಿದಾಗ, ಅದು ದೇವರ ವಾಕ್ಯಕ್ಕೆ ವಿರೋಧವೆಂದು ಆಕ್ಷೇಪಿಸಿದವರಿದ್ದರು. ದೇವರು ಆದಾಮನ ಪಕ್ಕೆಯ ಎಲುಬನ್ನು ತೆಗೆಯುವ ಮುನ್ನ ಅವನಿಗೆ ಗಾಢನಿದ್ರೆಯನ್ನು ಬರಮಾಡಿದನಲ್ಲವೇ ಎಂದು ಅವರು ಸತ್ಯವೇದದಿಂದಲೇ ಉತ್ತರವಿತ್ತರು. ನಮ್ಮ ದೇಶದಲ್ಲಿಯೂ 19ನೆಯ ಶತಮಾನದ ಕಡೆಯಲ್ಲಿ, ತಿಂಡಿವನದಲ್ಲಿ ಒಂದೇ ರಾತ್ರಿ ಮೂವರು ಗಂಡಂದಿರು ಐಡಾ ಸ್ಕಡರ್ ಎಂಬ ತರುಣಿಯ ಬಳಿಗೆ ಬಂದು, ಬೇನೆಯಲ್ಲಿದ್ದ ತಮ್ಮ ಹೆಂಡಂದಿರಿಗಾಗಿ ಸಹಾಯ ಬೇಡಿದರು. ಆಕೆ ವೈದ್ಯಳಲ್ಲ; ವೈದ್ಯರಾಗಿದ್ದ ಆಕೆಯ ತಂದೆಯನ್ನು ಗಂಡಸೆಂಬ ಕಾರಣದಿಂದ ಅವರು ಒಪ್ಪಲಿಲ್ಲ. ಮೂವರು ತಾಯಂದಿರೂ ತೀರಿಕೊಂಡರು. ಆ ರಾತ್ರಿಯನ್ನು ಮರೆಯದ ಆಕೆ ಅಮೆರಿಕೆಯಲ್ಲಿ ವೈದ್ಯವನ್ನು ಕಲಿತು, 1900ರಲ್ಲಿ ಹಿಂದಿರುಗಿ, 1918ರಲ್ಲಿ ವೆಲ್ಲೂರಿನಲ್ಲಿ ಹೆಣ್ಣುಮಕ್ಕಳಿಗಾಗಿಯೇ ವೈದ್ಯ ವಿದ್ಯಾಶಾಲೆಯನ್ನು ತೆರೆದರು. ಮೈಸೂರಿನಲ್ಲಿಯೂ 1906ರಲ್ಲಿ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯು ಸ್ತ್ರೀಯರಿಗಾಗಿಯೂ ಮಕ್ಕಳಿಗಾಗಿಯೂ ಬಾಗಿಲು ತೆರೆಯಿತು. ನೋವನ್ನು ಕಂಡು ಸುಮ್ಮನಿರಲಾರದವರ ಸ್ತೋತ್ರವು ಇಂಥದ್ದು.

ಪ್ರಿಯ ಸಹೋದರಿಯರೇ, ತಾಯ್ತಂದೆಗಳೇ, ನಿಮ್ಮ ಮನೆಯಲ್ಲಿ ಮಗಳಾಗಲಿ ಸೊಸೆಯಾಗಲಿ ಬಸುರಿಯಾಗಿದ್ದರೆ, ಸಕಾಲದಲ್ಲಿ ವೈದ್ಯರಿಗೆ ತೋರಿಸಿರಿ. ಬೇನೆಯಲ್ಲಿ ಆಕೆ ಕೂಗಿದರೆ ಗದರಿಸಬೇಡಿರಿ, ಕೈ ಹಿಡಿದುಕೊಂಡಿರಿ. ಮಗುವು ಗಂಡೋ ಹೆಣ್ಣೋ ಎಂದು ವಿಚಾರಿಸುವುದಕ್ಕೆ ಮೊದಲು ತಾಯಿಯು ಹೇಗಿರುವಳೆಂದು ವಿಚಾರಿಸಿರಿ.

ಈಗ ನಮ್ಮ ಹುಟ್ಟಿದ ದಿನದಂದು ಪಾಯಸವನ್ನು ಮಾಡುವವಳು ನಮ್ಮ ಮಗಳು. ಸಾಯಂಕಾಲ ಅವಳೇ ಹೂವನ್ನು ಹಿಡಿದುಕೊಂಡು ನಮ್ಮೊಡನೆ ಸಮಾಧಿಗೆ ಬರುವಳು. ಜೀವವನ್ನು ಕೊಟ್ಟ ದೇವರಿಗೆ ನಾವಿಬ್ಬರೂ ಅಲ್ಲಿ ನಿಂತು ಸ್ತೋತ್ರ ಸಲ್ಲಿಸುವೆವು.