ಹಾಡಿನ ಹಿಂದೆ ಕೂತವನು

ಕಳೆದ ಸಂಚಿಕೆಯ ಮೂಲೆಯೊಂದರಲ್ಲಿ ಸಂಘದ ಕಾರ್ಯದರ್ಶಿಗಳು, ನಾವು ‘ಜೊತೆಗಾರ’ ಎಂಬ ತಂತ್ರಾಂಶವೊಂದನ್ನು ಸಿದ್ಧಪಡಿಸಿ ಸದಸ್ಯರಿಗೆ ಉಚಿತವಾಗಿ ಹಂಚುತ್ತಿರುವುದಾಗಿ ಎರಡು ಸಾಲು ಪ್ರಕಟಿಸಿದ್ದೇ ತಡ, ಡೊಂಬಿವಲಿಯ ಪ್ಲಾಟ್‌ಫಾರ್ಮಿನ ಮೇಲೆ ನೆಮ್ಮದಿಯಿಂದ ನಿಲ್ಲುವುದೂ ನಮಗೆ ಕಠಿಣವಾಯಿತು. ಪರಿಚಯದವರೊಬ್ಬರು ಎದುರಾಗಿ, “ಏನ್ರೀ, ನಿಮ್ಮ ಆ್ಯಪ್ ಹಾಡತದಂತಲ್ಲ?” ಎಂದರು. ಹಾಡುವುದಿಲ್ಲ ಎಂದೆವು. “ಮತ್ತ ಹಾಡು ಇಳಿಸಿಕೊಡತದೇನು?” ಅದೂ ಇಲ್ಲ. “ಹಾಡೂದಿಲ್ಲ, ಇಳಿಸೂದಿಲ್ಲ, ಮತ್ತ ಮಾಡೂದರ ಏನು?” ಎಂದು ಕೇಳುವಷ್ಟರಲ್ಲಿ ಗಾಡಿ ಬಂದಿತು, ಡೊಂಬಿವಲಿಯಲ್ಲಿ ಬೆಳಿಗ್ಗೆ ಗಾಡಿ ಬಂದಮೇಲೆ ಉತ್ತರ ಕೊಡುವ ಪದ್ಧತಿಯಿಲ್ಲ. ಆ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇವೆ.

ವಾಚಕರು ಧಾರವಾಡದ ಕಡೆಯ ಕಛೇರಿಗಳನ್ನು ನೋಡಿರಬಹುದು. ಮುಂದೆ ಗವಾಯಿಗಳು, ಅವರ ಬೆನ್ನಿಗೆ ತಂಬೂರಿ ಹಿಡಿದು ಕೂತ ಶಿಷ್ಯ. ಅವನತ್ತ ಯಾರೂ ನೋಡುವುದಿಲ್ಲ. ಆದರೆ ಪಕ್ಕದವರು ಯಾವ ರಾಗವೆಂದು ತಿಳಿಯದೆ ತೊಳಲುತ್ತಿದ್ದರೆ ಮಧ್ಯಂತರದಲ್ಲಿ ಹೋಗಿ ಕೇಳುವುದು ಅವನನ್ನೇ. ನಮ್ಮ ಜೊತೆಗಾರ ಅಂಥವನು. ಹಾಡನ್ನು ನುಡಿಸುವ ತಂತ್ರಾಂಶ ಬೇರೆ ಇದೆ. ವಿಎಲ್‌ಸಿ ಎಂಬ ಹೆಸರಿನದು, ಕಿತ್ತಳೆ ಬಣ್ಣದ ರಸ್ತೆಶಂಕುವಿನ ಗುರುತುಳ್ಳದ್ದು. ಪ್ಯಾರಿಸಿನ ಕಾಲೇಜೊಂದರ ವಿದ್ಯಾರ್ಥಿಗಳು 1996ರಲ್ಲಿ ಕೈಹಚ್ಚಿದ ಕೆಲಸವದು. 2001ರಿಂದ ಅದರ ಒಡಲನ್ನು ಯಾರು ಬೇಕಾದರೂ ಬಿಚ್ಚಿ ನೋಡಬಹುದು. ನಮ್ಮದು ಸೆಕೆಂಡಿಗೊಮ್ಮೆ ಕಂಪ್ಯೂಟರಿನೊಳಗೇ ಇರುವ 8080 ಎಂಬ ಸಂಖ್ಯೆಯ ಕಿಂಡಿಯಲ್ಲಿ ಇಣಿಕಿ, “ಈಗ ಯಾವುದು ನಡೆದಿದೆ? ಎಷ್ಟು ಸೆಕೆಂಡು ಕಳೆಯಿತು?” ಎಂದು ವಿಎಲ್‌ಸಿಯನ್ನು ಕೇಳುತ್ತದೆ. ಉತ್ತರ ಸಿಕ್ಕೊಡನೆ ಹಾಡಿದವರ ಹೆಸರು, ಎಲ್ಲಿ, ಯಾವ ವರ್ಷ ಎಂಬುದನ್ನೂ, ಆ ಗಳಿಗೆಗೆ ಸರಿಯಾದ ಸಾಲನ್ನೂ ಪರದೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ತೋರಿಸುತ್ತದೆ. ಇಷ್ಟೇ ಇದರ ಮಹಿಮೆ.

ಇಷ್ಟಕ್ಕೆ ನಾಲ್ಕು ವರ್ಷ ಬೇಕಾಯಿತೆ ಎಂದರೆ, ಬೇಕಾಯಿತು. ಅದರ ಮೂಲ ಒಂದು ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿದೆ.

ನಮ್ಮ ಮಹಿಳಾ ವಿಭಾಗದವರು 1981ರಿಂದ 1994ರ ವರೆಗೆ ನವರಾತ್ರಿಯಲ್ಲಿ ಒಬ್ಬೊಬ್ಬರ ಮನೆಯಲ್ಲಿ ಸೇರಿ ಹಾಡಿದ್ದನ್ನೆಲ್ಲ ಕ್ಯಾಸೆಟ್ಟುಗಳಲ್ಲಿ ಹಿಡಿದಿಟ್ಟಿದ್ದರು. ದಾಸರ ಪದ, ಆರತಿ ಹಾಡು, ಬೀಸುಕಲ್ಲಿನ ಪದ, ತೊಟ್ಟಿಲ ಪದ. ಒಟ್ಟು 43 ಕ್ಯಾಸೆಟ್ಟು. ಒಂದೊಂದರ ಮೇಲೂ ದುಂಡಗಿನ ಅಕ್ಷರದಲ್ಲಿ ಬರೆದ ಚೀಟಿ. ಡಬ್ಬಿ ಕಲೀನಾದ ಒಬ್ಬ ಸದಸ್ಯರ ನೆಲಅಂತಸ್ತಿನ ಮನೆಯಲ್ಲಿ ಇತ್ತು. 2005ರ ಜುಲೈ 26ರಂದು ಸಾಂತಾಕ್ರೂಜದಲ್ಲಿ ಒಂದೇ ದಿವಸಕ್ಕೆ 944 ಮಿಲಿಮೀಟರ್ ಮಳೆ ಬಿದ್ದದ್ದನ್ನು ಮುಂಬಯಿಯವರಿಗೆ ಹೇಳಬೇಕಾಗಿಲ್ಲ. ನೀರು ಇಳಿದ ಮೇಲೆ ಆ ಮನೆಯವರು ತಮ್ಮ ಹಾಸಿಗೆ, ಕಪಾಟುಗಳನ್ನು ಬಿಟ್ಟು ಮೊದಲು ಈ ಕ್ಯಾಸೆಟ್ಟುಗಳನ್ನು ಒಣಗಿಸಿದರಂತೆ. ಟೇಪುಗಳು ಬಹುಮಟ್ಟಿಗೆ ಉಳಿದುವು. ಚೀಟಿಗಳು ಉಳಿಯಲಿಲ್ಲ. ಶಾಯಿ ಹರಿದು, ಅಂಟು ಬಿಟ್ಟು, ಯಾವ ಹೆಸರು ಯಾವ ಕ್ಯಾಸೆಟ್ಟಿನದೆಂಬುದು ಮೀಠಿ ನದಿಯ ಪಾಲಾಯಿತು.

ದನಿ ಇದ್ದು ಹೆಸರಿಲ್ಲದ ಈ ಫಜೀತಿ ಹೊಸದಲ್ಲ. 1902ರ ನವೆಂಬರಿನಲ್ಲಿ ಕಲಕತ್ತೆಯಲ್ಲಿ ಗೌಹರ್ ಜಾನ್ ಅವರ ಹಾಡುಗಳನ್ನು ಮೊದಲ ಸಲ ಮುದ್ರಿಸಿಕೊಂಡಾಗ, ಅವರು ಪ್ರತಿ ಹಾಡಿನ ಕೊನೆಗೆ ಇಂಗ್ಲಿಷಿನಲ್ಲಿ ತಮ್ಮ ಹೆಸರನ್ನು ಸಾರುತ್ತಿದ್ದರು. ತಟ್ಟೆಗಳು ತಯಾರಾಗುತ್ತಿದ್ದದ್ದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿಯವರು ಚೀಟಿ ತಪ್ಪಾಗಿ ಅಂಟಿಸದಿರಲೆಂದು ಈ ಉಪಾಯ ಎನ್ನುತ್ತಾರೆ. ಅದೇ ಗೌಹರ್ ಜಾನ್ ಕೊನೆಗೆ ಮೈಸೂರು ಮಹಾರಾಜರ ಆಶ್ರಯಕ್ಕೆ ಬಂದು 1930ರಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡರು. ಇನ್ನು ನಮ್ಮ ಗಂಗೂಬಾಯಿ ಹಾನಗಲ್ಲರ ಮೊದಮೊದಲ ತಟ್ಟೆಗಳ ಮೇಲೆ ಅಚ್ಚಾದ ಹೆಸರು ‘ಗಾಂಧಾರಿ’. ಅಂಥವರದೇ ಹೀಗಾದರೆ ಕಲೀನಾದ ಡಬ್ಬಿಯೊಳಗಿನ ಹೆಣ್ಣುಮಕ್ಕಳ ಪಾಡೇನು?

2020ರ ಮಾರ್ಚಿಯಲ್ಲಿ ಲೋಕಲ್ ಗಾಡಿಗಳೇ ನಿಂತುಹೋದಾಗ, ಬ್ಯಾಂಕಿನ ಕಂಪ್ಯೂಟರ್ ವಿಭಾಗದಿಂದ ನಿವೃತ್ತರಾಗಿ ಕುಳಿತಿದ್ದ ನಮಗೆ ಕೆಲಸ ಹುಡುಕಬೇಕಾಯಿತು. ಕ್ಯಾಸೆಟ್ಟುಗಳನ್ನು ಒಂದೊಂದಾಗಿ ಹಾಕಿ, ತಂತಿ ಜೋಡಿಸಿ, ಕಂಪ್ಯೂಟರಿಗೆ ಇಳಿಸಿದೆವು. ತದನಂತರ ಆ ಕಡತಗಳಿಗೇ ಹೆಸರು ಅಂಟಿಸಿದರೆ ಮುಗಿಯಿತು ಎಂದುಕೊಂಡಿದ್ದೆವು. ಎಂಪಿ3 ಕಡತಕ್ಕೆ ಚೀಟಿ ಅಂಟಿಸುವ ಪದ್ಧತಿಯನ್ನು 1996ರಲ್ಲಿ ಮೊದಲು ಹೊರಡಿಸಿದವರು ಕಡತದ ಬಾಲಕ್ಕೆ 128 ಬೈಟುಗಳನ್ನು ಕೂಡಿಸಿ, ಅದರಲ್ಲಿ ಗಾಯಕರ ಹೆಸರಿಗೆ 30 ಬೈಟು ಗೊತ್ತುಮಾಡಿದರು. ಇಂಗ್ಲಿಷಿಗೆ ಅದು 30 ಅಕ್ಷರ. ಯೂನಿಕೋಡಿನ ಕನ್ನಡದಲ್ಲಿ ಅಕ್ಷರಕ್ಕೆ ಮೂರು ಬೈಟು, ಅದರ ಗುಣಿತದ ಚಿಹ್ನೆಗೆ ಮತ್ತೆ ಮೂರು. ಪರೀಕ್ಷೆಗೆಂದು ‘ಗಂಗೂಬಾಯಿ ಹಾನಗಲ್’ ಎಂದು ಒತ್ತಾಯದಿಂದ ತುರುಕಿದೆವು. ‘ಗಂಗೂಬಾಯಿ ಹ’ ಎಂಬಲ್ಲಿಗೆ ಜಾಗ ತೀರಿತು. ಉಳಿದೆರಡು ಬೈಟಿನಲ್ಲಿ ಅರ್ಧಂಬರ್ಧ ಸಿಕ್ಕಿಕೊಂಡ ದೀರ್ಘ, ಪ್ರಶ್ನಾರ್ಥಕ ಚಿಹ್ನೆಯಾಗಿ ನಮ್ಮನ್ನೇ ನೋಡಿತು.

ಇನ್ನೊಂದು ತಮಾಷೆ. ಆ ಚೀಟಿಯ ಕೊನೆಯ ಬೈಟು ಹಾಡಿನ ಜಾತಿಯದು. ಮೂಲ ಪಟ್ಟಿಯಲ್ಲಿ 80 ಜಾತಿಗಳಿವೆ. ಪೋಲ್ಕಾ ಇದೆ, ದಾಸರ ಪದವಿಲ್ಲ. ಏನೂ ತುಂಬದೆ ಸೊನ್ನೆ ಬಿಟ್ಟರೆ ಪಟ್ಟಿಯ ಸೊನ್ನೆಯ ಸ್ಥಾನದಲ್ಲಿರುವ ‘ಬ್ಲೂಸ್’ ಎಂದಾಗುತ್ತದೆ. ನಮ್ಮ ಬೀಸುಕಲ್ಲಿನ ಪದಗಳೆಲ್ಲ ಹೀಗೆ ಬ್ಲೂಸ್ ಆಗಿ ಕೂತಿದ್ದುವು. ಅಮೇರಿಕೆಯ ಹತ್ತಿಯ ಹೊಲಗಳ ಕರಿಯ ಜನ ದುಡಿಯುತ್ತ ಹಾಡಿದ್ದರಿಂದ ಬೆಳೆದು ಬಂದ ಹಾಡು ಬ್ಲೂಸ್ ಎಂದು ತಿಳಿದ ಮೇಲೆ ಇದನ್ನು ತಪ್ಪೆನ್ನಲು ನಮಗೆ ಅಷ್ಟು ಧೈರ್ಯವಾಗಲಿಲ್ಲ. ಚೀಟಿಯ ಎರಡನೆಯ ಆವೃತ್ತಿಯಲ್ಲಿ ಜಾಗಕ್ಕೆ ಕೊರತೆಯಿಲ್ಲ, ನಿಜ. ಆದರೂ ಸಾಲುಸಾಲು ಪದಗಳು, ಹಾಡಿದವರ ಊರು, ಯಾರ ಮನೆ ಎಂಬುದೆಲ್ಲ ಬೇಕೆಂದರೆ ಬೇರೆ ಪುಸ್ತಕವನ್ನೇ ಇಡುವುದು ಒಳ್ಳೆಯದೆನಿಸಿ ಪೈಥಾನ್ ಭಾಷೆಯಲ್ಲಿ ಜೊತೆಗಾರನನ್ನು ಬರೆಯತೊಡಗಿದೆವು.

ಸಾಲುಗಳನ್ನು ಹಾಡಿಗೆ ಹೊಂದಿಸುವುದೇ ದೊಡ್ಡ ದುಡಿಮೆ. ಹಾಡನ್ನು ಕೇಳುತ್ತ ಕೂಡುವುದು, ಪ್ರತಿ ಸಾಲು ಆರಂಭವಾದೊಡನೆ ಉದ್ದನೆಯ ಕೀಲಿಯನ್ನು ಒತ್ತುವುದು. ಆ ನಿಮಿಷ-ಸೆಕೆಂಡು ಸಾಲಿನ ಮುಂದೆ ದಾಖಲಾಗುತ್ತದೆ. ಕೈ ತಡವಾದರೆ ಮತ್ತೆ ಮೊದಲಿನಿಂದ. ಒಂದೊಂದು ಹಾಡನ್ನು ಇಪ್ಪತ್ತು ಮೂವತ್ತು ಸಲ ಕೇಳಿದ್ದೇವೆ. “ಇಷ್ಟು ಭಕ್ತಿ ಮೊದಲೇ ಇದ್ದಿದ್ದರ, ಪೂಜಾಕ್ಕ ಕೂಡ್ರಬಹುದಿತ್ತಲ್ರೀ” ಎಂದು ನಮ್ಮ ಮನೆಯಾಕೆ ಅಡಿಗೆಮನೆಯಿಂದ ಹೇಳಿದ್ದುಂಟು. ಯಾವ ಹಾಡುಗಳ ಪದಗಳನ್ನು ಹಾಕಬಹುದು ಎಂಬ ಪ್ರಶ್ನೆಯೂ ಬಂದಿತು. ನಮ್ಮ ಕಾಯಿದೆಯಂತೆ ಕವಿ ತೀರಿಕೊಂಡು 60 ವರ್ಷ ಕಳೆಯುವ ವರೆಗೆ ಹಕ್ಕು ಅವರ ವಾರಸುದಾರರದು. ಬೇಂದ್ರೆಯವರು ತೀರಿಕೊಂಡದ್ದು 1981ರಲ್ಲಿ, ಆದಕಾರಣ 2041 ಮುಗಿಯುವ ತನಕ ಕಾಯಬೇಕು. ಅಂಥಲ್ಲೆಲ್ಲ ಕವಿಯ ಹೆಸರಷ್ಟೇ ತೋರಿಸಿ ಸುಮ್ಮನಾದೆವು. ಪುರಂದರದಾಸರ ವಿಷಯದಲ್ಲಿ ತಕರಾರಿಲ್ಲ.

ತಕರಾರು ಎದ್ದದ್ದು ಲಿಪಿಯ ವಿಷಯದಲ್ಲಿ. ನಮ್ಮ ಮೊಮ್ಮಗನಿಗೆ ಕನ್ನಡ ಮಾತು ಬರುತ್ತದೆ, ಓದಲು ಬರುವುದಿಲ್ಲ. ಶಾಲೆಯಲ್ಲಿ ಕಲಿತ ನಾಗರಿ ಬರುತ್ತದೆ. ಸಂಘದ ಮಕ್ಕಳಲ್ಲಿ ಮುಕ್ಕಾಲು ಪಾಲು ಇದೇ ಸ್ಥಿತಿ. ಯೂನಿಕೋಡಿನವರು ನಮ್ಮ ದೇಶದ ಇಸ್ಕಿ ಪದ್ಧತಿಯ ಜಾಡು ಹಿಡಿದು ಭಾರತದ ಲಿಪಿಗಳನ್ನೆಲ್ಲ ಒಂದೇ ಅನುಕ್ರಮದಲ್ಲಿ ಕೂಡಿಸಿದ್ದಾರೆ. ಕನ್ನಡದ ‘ಕ’ 3221ನೆಯ ಮನೆಯಲ್ಲಿದ್ದರೆ ನಾಗರಿಯ ‘ಕ’ 2325ನೆಯದರಲ್ಲಿ. ಅಂದರೆ ಯಾವ ಕನ್ನಡ ಅಕ್ಷರದಿಂದಲೂ 896 ಕಳೆದರೆ ನಾಗರಿ ಸಿದ್ಧ. ಮುಂಬಯಿಗೆ ಬಂದ ಕನ್ನಡಿಗ ಮರಾಠಿಯವನಾಗಲು ಎರಡು ತಲೆಮಾರು ಹಿಡಿಯುತ್ತದೆ. ಕಂಪ್ಯೂಟರಿಗೆ ಒಂದು ವ್ಯವಕಲನ ಸಾಕು.

ಸಮಿತಿಯ ಹಿರಿಯರೊಬ್ಬರು ಇದನ್ನು ಕೇಳಿ ಎದ್ದುನಿಂತರು. “ಕನ್ನಡ ಸಂಘದ ಯಂತ್ರದಲ್ಲಿ ನಾಗರಿಯೇ? ಊರುಗೋಲು ಕೊಟ್ಟರೆ ಹುಡುಗ ನಡೆಯುವುದನ್ನು ಕಲಿಯುವನೇ?” ಅವರ ಮಾತು ನಮಗೆ ಸುಳ್ಳೆಂದು ತೋರಲಿಲ್ಲ, ಈಗಲೂ ತೋರುವುದಿಲ್ಲ. ಮೊಮ್ಮಗನನ್ನು ಕೂಡಿಸಿ ಓದಿಸಿ ನೋಡಿದೆವು. ಕನ್ನಡದ ಹ್ರಸ್ವ ಎಕಾರಕ್ಕೆ ನಾಗರಿಯಲ್ಲಿ ಚಿಹ್ನೆಯೇನೋ ಇದೆ, ಮರಾಠಿ ಓದುವವನಿಗೆ ಅದರ ಗುರುತಿಲ್ಲ. ಹೊಲದ ‘ಬೆಳೆ’ಯನ್ನು ಹುಡುಗ ‘ಬೇಳೆ’ ಮಾಡಿ ಹಾಡಿದ. ಸೀಮೆಗೆಲ್ಲ ಒಳ್ಳೆಯ ಬೇಳೆ ಬಂದಿತು! ಕೊನೆಗೆ ಮೇಲೆ ದೊಡ್ಡದಾಗಿ ಕನ್ನಡ, ಕೆಳಗೆ ಸಣ್ಣದಾಗಿ ನಾಗರಿ ಎಂದು ರಾಜಿಯಾಯಿತು. ಹುಡುಗ ಮೇಲಿನ ಸಾಲನ್ನು ನೋಡುತ್ತಾನೋ ಇಲ್ಲವೋ ನಾವರಿಯೆವು. ಕೇಳಿದರೆ ಹೂಂ ಎನ್ನುತ್ತಾನೆ.

2023ರ ವಾರ್ಷಿಕೋತ್ಸವದಲ್ಲಿ ಬಿಡುಗಡೆ. ಸಭಾಗೃಹದ ಪರದೆಯ ಮೇಲೆ ನಮ್ಮ ಜೊತೆಗಾರ. ಕ್ಯಾಸೆಟ್ಟು ನಂಬರು 17ರ ಬೀಸುಕಲ್ಲಿನ ಪದ, ಇಪ್ಪತ್ತು ನಿಮಿಷದ್ದು. ಅಲ್ಲಿಯ ಕಂಪ್ಯೂಟರಿನಲ್ಲಿದ್ದದ್ದು ಬೇರೊಬ್ಬ ಸದಸ್ಯರು ತಮ್ಮ ಟೇಪ್‌ರೆಕಾರ್ಡರಿನಿಂದ ಇಳಿಸಿದ ಪ್ರತಿ ಎಂಬುದನ್ನು ನಾವು ವಿಚಾರಿಸಲಿಲ್ಲ. ಅವರ ಯಂತ್ರಕ್ಕಿಂತ ನಮ್ಮದು ನೂರಕ್ಕೆ ಮೂರರಷ್ಟು ವೇಗವಾಗಿ ಓಡುತ್ತಿತ್ತೆಂಬುದು ಆಮೇಲೆ ತಿಳಿಯಿತು. ನೂರಕ್ಕೆ ಮೂರೆಂದರೆ ಇಪ್ಪತ್ತು ನಿಮಿಷಕ್ಕೆ 36 ಸೆಕೆಂಡು. ಮೊದಮೊದಲು ಯಾರಿಗೂ ಗೊತ್ತಾಗಲಿಲ್ಲ. ಕೊನೆಗೆ ಬರುವಷ್ಟರಲ್ಲಿ, ಹಾಡುವವರು ಇನ್ನೂ ಹಿಟ್ಟು ಬೀಸುತ್ತಿದ್ದರೆ ಪರದೆಯ ಮೇಲೆ ಹಿಟ್ಟು ತುಂಬಿ, ಕಲ್ಲಿಗೆ ಕೈಮುಗಿದು ಆಗಿತ್ತು. ಸಭೆ ನಕ್ಕಿತು. ಮುಂದಿನ ಸಾಲಿನ ಅಜ್ಜಿಯೊಬ್ಬರು ಮಾತ್ರ ಟೇಪನ್ನು ಬಿಟ್ಟು ಪರದೆಯನ್ನು ನಂಬಿ ಕೊನೆಯ ವರೆಗೆ ಹಾಡಿದರು.

ಅದನ್ನು ಸರಿಪಡಿಸುವುದು ಕಷ್ಟವಾಗಲಿಲ್ಲ. ಹಾಡಿನ ಮೊದಲ ಸಾಲನ್ನೂ ಕೊನೆಯ ಸಾಲನ್ನೂ ಕೇಳುವವರು ಒಮ್ಮೆ ಗುರುತಿಸಿದರೆ ಸಾಕು, ನಡುವಿನದನ್ನು ಜೊತೆಗಾರ ತಾನೇ ಹಿಗ್ಗಿಸಿಯೋ ಕುಗ್ಗಿಸಿಯೋ ಹೊಂದಿಸಿಕೊಳ್ಳುತ್ತಾನೆ. ನಮ್ಮ ಟೇಪಿನ ವೇಗವನ್ನೂ ತಗ್ಗಿಸಿ ಇನ್ನೊಮ್ಮೆ ಎಲ್ಲವನ್ನೂ ಇಳಿಸಿದೆವು. ಆದರೆ ಅಂದು ಪರದೆಯ ಮೇಲೆ ‘ಹಾಡಿದವರು: ಗೊತ್ತಿಲ್ಲ’ ಎಂದು ಬಂದದ್ದನ್ನು ನೋಡಿ ಒಬ್ಬಾಕೆ ನಮ್ಮ ಬಳಿ ಬಂದು, “ನಮ್ಮ ಅತ್ತೆಯವರು ಆ ಮೇಳದಲ್ಲಿದ್ದರು. ಕಣ್ಣು ಕಾಣುವುದಿಲ್ಲ, ಕಿವಿ ಚೆನ್ನಾಗಿದೆ. ಬೇಗ ಬನ್ನಿ” ಎಂದರು. ‘ಬೇಗ’ ಎಂದು ಯಾಕೆ ಹೇಳಿದರೆಂದು ನಾವು ಕೇಳಲಿಲ್ಲ.

ಗೋರೆಗಾಂವಿಗೆ ಹೋದೆವು. ದಾದರಿನಲ್ಲಿ ಸೇತುವೆ ಹತ್ತಿ ಇಳಿದು ಪಶ್ಚಿಮ ರೈಲ್ವೆಯ ಗಾಡಿ, ಹೆಗಲಿಗೆ ಲ್ಯಾಪ್‌ಟಾಪು. ಮಂಚದ ಮೇಲೆ ಕೂತಿದ್ದ ಕಾಕು ನಮ್ಮ ಕೈ ಹಿಡಿದು ನೋಡಿ, “ಡೊಂಬಿವಲಿ ತಮ್ಮ ಹೌದಲ್ಲೊ” ಎಂದರು. ಅವರಿಗೆ ಪರದೆಯಿಂದ ಪ್ರಯೋಜನವಿಲ್ಲ; ಹಾಡು ಹಚ್ಚಿದೆವು. ಒಂದಾದ ಮೇಲೊಂದು ದನಿ ಬರುತ್ತಿದ್ದಂತೆ ಹೆಸರುಗಳು ಬಂದುವು. “ಇಕಿ ಮಾಟುಂಗಾದಾಕಿ. ಇಕಿ ಮುಲುಂದದ ಮಾಸ್ತರ ಹೇಂತಿ, ಮೂಗಿನಾಗ ಹಾಡ್ತಿದ್ಲು. ಇದು ನಾನ ನೋಡು.” ನಾವು ಕೀಲಿಮಣೆಯ ಮೇಲೆ ಬರೆದುಕೊಳ್ಳುತ್ತಲೇ ಇದ್ದೆವು. ನಂಬರು 17 ಬಂದಿತು. ಮುಂದಾಳಾಗಿ ಒಬ್ಬರು ಎತ್ತಿಕೊಡುವ ದನಿ, ಉಳಿದವರದು ಹಿಮ್ಮೇಳ. ಕಾಕು ಸುಮ್ಮನೆ ಕೇಳಿದರು. ಆಮೇಲೆ, “ಇದನ್ಯಾಕ ಕೇಳ್ತಿ?” ಎಂದರು.

“ಯಾರಂತ ಬರಕೋಬೇಕು ಕಾಕು.”

“ನಿಮ್ಮವ್ವ ಅಲ್ಲೇನೋ! ಅವ್ವನ ದನಿ ಗುರ್ತ ಸಿಗಲಿಲ್ಲೇನು ನಿನಗ?”

ನಮ್ಮ ತಾಯಿ ತೀರಿಕೊಂಡದ್ದು 1996ರಲ್ಲಿ. ಮನೆಯಲ್ಲಿ ಅವರು ಹಾಡಿದ್ದನ್ನು ನಾವು ಕೇಳಿರಲಿಲ್ಲ; ಸೊಪ್ಪು ಸೋಸುವಾಗ ಗುಣುಗುವುದಿತ್ತು, ನಾವು ಒಳಗೆ ಬಂದರೆ ನಿಲ್ಲಿಸುತ್ತಿದ್ದರು. ಆ ಹಾಡನ್ನು ಸಾಲು ಸಾಲಾಗಿ ಕೀಲಿ ಒತ್ತುತ್ತ ಮೂವತ್ತು ಸಲವಾದರೂ ಕೇಳಿದ್ದೇವೆ. ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ, ಎಲ್ಲಿ ಬಳೆ ಸದ್ದಾಗುತ್ತದೆ, ನಮಗೆ ಸೆಕೆಂಡಿನ ಲೆಕ್ಕದಲ್ಲಿ ಗೊತ್ತು. ಟೇಪು ವೇಗವಾಗಿ ಓಡಿ ದನಿ ಬದಲಾಗಿತ್ತು ಎನ್ನೋಣವೆಂದರೆ ಅದನ್ನು ಸರಿಪಡಿಸಿದ ಮೇಲೂ ಹತ್ತು ಸಲ ಕೇಳಿಯಾಗಿತ್ತು. ಕಾಕುವಿಗೆ ಏನು ಉತ್ತರ ಕೊಟ್ಟೆವೋ ನೆನಪಿಲ್ಲ. ಚಹಾ ಬಂದಿತು, ಕುಡಿದೆವು.

ಮನೆಗೆ ಬಂದು ‘ಗೊತ್ತಿಲ್ಲ’ ಎಂಬುದನ್ನು ಅಳಿಸಿ ತಾಯಿಯ ಹೆಸರು ಬರೆದೆವು. ಎರಡನೆಯ ಆವೃತ್ತಿ ಅದೇ ರಾತ್ರಿ ಸಿದ್ಧವಾಯಿತು. ಈ ವರೆಗೆ ಜೊತೆಗಾರನನ್ನು ಇಳಿಸಿಕೊಂಡ ಮನೆಗಳು 11. ವಿಎಲ್‌ಸಿಯ ಕಿಂಡಿ ತೆರೆದು ಅದಕ್ಕೊಂದು ಪಾಸ್‌ವರ್ಡ್ ಇಡುವಲ್ಲಿಗೆ ಬಹಳ ಜನ ಬೇಸತ್ತು ಬಿಡುತ್ತಾರೆ. ಫೋನಿನಲ್ಲಿ ಯಾಕಿಲ್ಲ ಎಂದು ಕೇಳುವವರು ಅದಕ್ಕಿಂತ ಹೆಚ್ಚು. ಅವರಿಗೂ ಏನಾದರೂ ಮಾಡಬೇಕು.

ನಂಬರು 17ರ ಹಿಮ್ಮೇಳದಲ್ಲಿ ಇನ್ನೊಂದು ದನಿಯಿದೆ. 14 ನಿಮಿಷ ಕಳೆದ ಮೇಲೆ ಒಮ್ಮೆ ನಗುತ್ತದೆ. ಕಾಕು ಎರಡು ಸಲ ಹಚ್ಚಿಸಿ ಕೇಳಿದರು. “ಆಕಿ ದಾದರದಾಕಿ. ಹಸಿರು ಇರಕಲ್ ಸೀರಿ ಉಟ್ಟಿದ್ಲು. ಹೆಸರು ಬಾಯಾಗ ಬರವಲ್ದು” ಎಂದರು. ಸದ್ಯಕ್ಕೆ ಪರದೆಯ ಮೇಲೆ ‘ದಾದರದವರು’ ಎಂದು ಬರುತ್ತಿದೆ. ಆ ಸೀರೆಯ ಗುರುತುಳ್ಳವರು ಯಾರಾದರೂ ಇದ್ದರೆ ಸಂಘದ ಕಚೇರಿಗೆ ತಿಳಿಸಬೇಕು. ಮೂರನೆಯ ಆವೃತ್ತಿಯನ್ನು ಅಷ್ಟರ ಮಟ್ಟಿಗೆ ತಡೆಹಿಡಿದಿದ್ದೇವೆ.