ಬೇಕಲ ಕೋಟೆಗೆ ಮೂರು ಬಾರಿ

ಬೇಕಲ ಕೋಟೆಯನ್ನು ಸರಿಯಾಗಿ ನೋಡಬೇಕಾದರೆ ಮಕ್ಕಳೊಡನೆ ಹೋಗಬೇಕು. ಅದೂ ಮೂರು ಬಾರಿ. ಅವರು ಹೆಗಲ ಮೇಲಿರುವಾಗ ಒಮ್ಮೆ, ಕೈ ಕೊಸರಿಕೊಂಡು ಓಡುವಾಗ ಒಮ್ಮೆ, ಮುಂದೆ ಹೋಗಿ ನಮಗಾಗಿ ಕಾದು ನಿಲ್ಲುವಾಗ ಮತ್ತೊಮ್ಮೆ.

ಕೋಟೆಯಿರುವುದು ಕಾಸರಗೋಡು ಪೇಟೆಯಿಂದ ತೆಂಕಲಾಗಿ ಸುಮಾರು 16 ಕಿಲೋಮೀಟರು ದೂರದಲ್ಲಿ. ಚಂದ್ರಗಿರಿ ಸೇತುವೆಯನ್ನು ದಾಟಿ ಕರಾವಳಿಯ ದಾರಿಯಾಗಿ ಕಾಞಂಗಾಡಿಗೆ ಹೋಗುವ ಬಸ್ಸನ್ನೇರಿದರಾಯಿತು. ಇಕ್ಕೇರಿಯ ಶಿವಪ್ಪ ನಾಯಕನು 17ನೆಯ ಶತಮಾನದ ನಡುಗಾಲದಲ್ಲಿ ಕಟ್ಟಿಸಿದನೆನ್ನಲಾದ ಈ ಮುರಕಲ್ಲಿನ ಕೋಟೆ ಸುಮಾರು 40 ಎಕರೆ ನೆಲವನ್ನು ಬಳಸಿ ಕಡಲಿಗೆ ಮುಖಮಾಡಿ ನಿಂತಿದೆ. 1763ರಲ್ಲಿ ಹೈದರನ ವಶವಾಯಿತು. 1799ರಲ್ಲಿ ಟಿಪ್ಪುವಿನ ಪತನದ ತರುವಾಯ ಇಂಗ್ಲಿಷರ ಪಾಲಾಯಿತು. 1956ರ ನವೆಂಬರ್ 1ರಿಂದ ಕೇರಳಕ್ಕೆ ಸೇರಿತು.

ಇಷ್ಟನ್ನೂ ನಾನು ಮೊದಲ ಬಾರಿ ಹೆಗಲ ಮೇಲಿದ್ದ ಮಗನಿಗೂ ಬೆರಳು ಹಿಡಿದಿದ್ದ ಮಗಳಿಗೂ ಕ್ರಮಬದ್ಧವಾಗಿ ಪಾಠ ಮಾಡಿ, ಸಂದೇಹಗಳಿದ್ದರೆ ಕೇಳಬಹುದೆಂದೆ. ಐದು ವರ್ಷದ ಮಗಳು ಕೇಳಿಯೇಬಿಟ್ಟಳು: "ಅಪ್ಪಾ, ಶಿವಪ್ಪ ನಾಯಕ ಕಕ್ಕಸಿಗೆ ಎಲ್ಲಿಗೆ ಹೋಗುತ್ತಿದ್ದ?" ಅಧ್ಯಾಪಕ ತರಬೇತಿಯ ಯಾವ ಗ್ರಂಥದಲ್ಲಿಯೂ ಅದಕ್ಕೆ ಉತ್ತರವಿರಲಿಲ್ಲ.

ಎರಡನೆಯ ಬಾರಿ ಅವರ ಬೆನ್ನು ಮಾತ್ರ ಕಾಣಿಸಿತು. ಒಬ್ಬಳು ಕೊತ್ತಳದ ಮೇಲೆ, ಇನ್ನೊಬ್ಬ ಕೆರೆಯ ಮೆಟ್ಟಿಲಲ್ಲಿ, ನಡುವೆ ನಾನು, "ಜಾಗ್ರತೆ! ಬೀಳುತ್ತೀರಿ!" ಎಂದು ಕೂಗುತ್ತ. ದಣಿದು ನಿಂತಾಗ ಗೋಡೆಯ ಕೋವಿಕಂಡಿಗಳನ್ನು ಗಮನಿಸಿದೆ. ಮೇಲಿನ ಕಂಡಿ ದೂರದ ಹಗೆಗೆ, ನಡುವಿನದು ಸಮೀಪಿಸಿದವನಿಗೆ, ಕೆಳಗಿನದು ಗೋಡೆಯ ಬುಡಕ್ಕೇ ಬಂದವನಿಗೆ. ತಂದೆತಾಯಿಗಳೂ ಇಂಥ ಕಂಡಿಗಳನ್ನು ಇಟ್ಟುಕೊಂಡಿರುತ್ತಾರೆ: ಶಾಲೆಯಿಂದ ಬರುವ ಹೊತ್ತು, ಒಡನಾಡಿಗಳ ಮನೆತನ, ಪರೀಕ್ಷೆಯ ಅಂಕ. ಎಲ್ಲ ಕಂಡಿಗಳೂ ಹೊರಗಿನಿಂದ ಬರುವವರ ಮೇಲೆ ಕಣ್ಣಿಡುವುದಕ್ಕೆ. ಒಳಗಿನಿಂದ ಹೊರಡುವವರನ್ನು ತಡೆಯುವುದಕ್ಕೆ ಒಂದೂ ಇಲ್ಲ.

ಮೂರನೆಯ ಬಾರಿ ಹೋದದ್ದು ಮಗಳಿಗೆ ಎರ್ನಾಕುಳಂನಲ್ಲಿ ಉದ್ಯೋಗ ದೊರೆತ ಬಳಿಕ. ಚೀಟಿ ಕೊಂಡವಳು ಅವಳೇ; ಅವಳ ಮಲಯಾಳ ಹೊಳೆಯ ನೀರಿನಂತೆ ಹರಿಯಿತು. ನನ್ನ ಮಲಯಾಳ ಇಂದಿಗೂ ಕನ್ನಡದ ಪಂಚೆಯುಟ್ಟೇ ನಡೆಯುತ್ತದೆ. ಮಗ ಫೋನಿನಲ್ಲಿ ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುತ್ತಾನೆ. ಓದುವಾಗಲೆಲ್ಲ ನನ್ನ ಕೈ ಕೆಂಪು ಶಾಯಿಯ ಲೇಖನಿಯನ್ನು ಹುಡುಕುತ್ತದೆ. ಕಾವಲು ಗೋಪುರದ ಇಳಿಜಾರಿನಲ್ಲಿ ಇಬ್ಬರೂ ಹಿಂದಿರುಗಿ ನೋಡಿ, "ಅಪ್ಪಾ, ಜಾಗ್ರತೆ, ನಿಧಾನವಾಗಿ ಬನ್ನಿ" ಎಂದರು. ಧ್ವನಿ ಅವರದು, ರಾಗ ನನ್ನದೇ. ಮನೆಯಾಕೆ ಸೆರಗಿನಲ್ಲಿ ನಗು ಮುಚ್ಚಿಕೊಂಡಳು.

ಗೋಪುರದ ಮೇಲೆ ಕುಳಿತಾಗ ಬಹುಕಾಲದಿಂದ ಮನಸ್ಸಿನಲ್ಲಿದ್ದುದನ್ನು ಕೇಳಿದೆ: "ಅಲ್ಲಿಗೆ ಹೋದಮೇಲೆ ನಿನ್ನ ಬಾಯಲ್ಲಿ ಕನ್ನಡ ಉಳಿಯುವುದೇ, ಮಗಳೇ?" ಅವಳು ಕೂಡಲೇ ಉತ್ತರಿಸಲಿಲ್ಲ. ಬಳಿಕ, "ಈ ಕೋಟೆಯ ಕಾವಲಿಗೆ ಬಂದ ಕನ್ನಡದವರ ಮನೆತನಗಳು ಇಲ್ಲಿಯೇ ನೆಲೆಸಿದವೆಂದು ನೀವೇ ಪಾಠ ಮಾಡಿದ್ದೀರಿ. ಅರಸು ಹೋದ, ಸೈನ್ಯ ಹೋಯಿತು. ಅವರ ಮಾತು ಹೋಗಲಿಲ್ಲ. ಅದನ್ನು ಕಾದವರು ಯಾರು ಅಪ್ಪಾ?" ಎಂದಳು.

ಬೇಕಲ, ಹೊಸದುರ್ಗಗಳ ರಾಮಕ್ಷತ್ರಿಯ ಮನೆತನಗಳನ್ನು ಅವಳು ನೆನೆದಿದ್ದಳು. ಅವರ ಕನ್ನಡವನ್ನು ಕಾದದ್ದು ಬುರುಜೂ ಅಲ್ಲ, ಫಿರಂಗಿಯೂ ಅಲ್ಲ. ಅಡುಗೆಮನೆಯ ಮಾತು, ಅಜ್ಜಿಯ ಗದರಿಕೆ, ಮುನಿಸು, ಮುದ್ದು. ಮಗಳ ಪೆಟ್ಟಿಗೆಯಲ್ಲಿ ನಾವು ಇಟ್ಟು ಕಳುಹಿಸಬಹುದಾದದ್ದೂ ಅಷ್ಟೇ, ಜೊತೆಗೆ ಒಂದು ಭರಣಿ ಮಾವಿನಮಿಡಿ ಉಪ್ಪಿನಕಾಯಿ.

ಓದುಗ ಬಾಂಧವರು ಸಂಜೆ ನಾಲ್ಕರ ಹೊತ್ತಿಗೆ ಹೋಗುವುದು ಲೇಸು. ಬಿಸಿಲು ಇಳಿದಿರುತ್ತದೆ, ಕಡಲು ಬಂಗಾರವಾಗುತ್ತದೆ. ಕುಡಿಯುವ ನೀರು ಜೊತೆಗಿರಲಿ. ಮಕ್ಕಳು ಮುಂದೆ ನಡೆದುಬಿಟ್ಟರೆ ಕೂಗಿ ಕರೆಯಬೇಡಿ. ತಿರುವಿನಲ್ಲಿ ನಿಂತಿರುತ್ತಾರೆ.