ಇಸಿಲದಲ್ಲಿ ಒಂದು ದಿನ

ಬಳ್ಳಾರಿ ಬಸ್ಸು ಚಳ್ಳಕೆರೆ ನಿಲ್ದಾಣ ಬಿಡುವಾಗ ಬಿಸಿಲು ಇನ್ನೂ ಎಳೆಯದು. ಕಿಟಕಿ ಪಕ್ಕದ ಸೀಟು ಸಿಕ್ಕಿದೆ, ಬಿಟ್ಟುಕೊಡಬೇಡಿ. ಶೇಂಗಾ ಎಣ್ಣೆ ಮಿಲ್ಲುಗಳು ಹಗಲೂ ರಾತ್ರಿ ಓಡುತ್ತಿದ್ದ ಕಾಲದಲ್ಲಿ ಈ ಊರನ್ನು ಎರಡನೇ ಮುಂಬಯಿ ಎನ್ನುತ್ತಿದ್ದರು. ಈಗ ಭರಾಟೆ ತಗ್ಗಿದೆ, ಹಿಂಡಿಯ ವಾಸನೆ ಪೂರ್ತಿ ಹೋಗಿಲ್ಲ. ಊರು ದಾಟಿದ ಮೇಲೆ ಕೆಂಪು ನೆಲ, ಜಾಲಿ, ಗುಂಡುಕಲ್ಲು, ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಕುರಿ ಹೊಡೆದುಕೊಂಡು ಹೋಗುವವರು. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ಸೀಮೆಗಳಲ್ಲಿ ಇದೂ ಒಂದು.

ನೀವು ಹೊರಟಿರುವುದು ಒಂದು ಹಳೆಯ ಆಡಳಿತ ಪಟ್ಟಣಕ್ಕೆ. ರೋಮಿಗೋ ಅಥೆನ್ಸಿಗೋ ಎರಡು ದಿನಕ್ಕೆ ಹೋಗುವವರ ಕೈಯಲ್ಲಿ ನೋಡಲೇಬೇಕಾದ ಜಾಗಗಳ ಪಟ್ಟಿ ಇರುತ್ತದೆ. ಇಸಿಲದಲ್ಲಿ ಅಂಥ ಪಟ್ಟಿ ಮಾಡಲು ಹೋದರೆ ಒಂದು ಸಾಲಿಗೇ ಮುಗಿಯುತ್ತದೆ. ಅರಮನೆ ಇಲ್ಲ, ಸ್ತಂಭವಿಲ್ಲ, ಊರಬಾಗಿಲಿಲ್ಲ. ಇರುವುದು ಅಶೋಕನ ಕಾಲದ ಒಂದು ಸರ್ಕಾರಿ ಪತ್ರ, ಅದರ ಮೂರು ಪ್ರತಿ, ಮೂರೂ ಬಂಡೆಯ ಮೇಲೆ. ಹಾಗಂತ ಇಸಿಲವನ್ನು ರಾಜಧಾನಿ ಎಂದು ಉಬ್ಬಿಸುವುದೂ ಬೇಡ. ಮೌರ್ಯರ ರಾಜಧಾನಿ ಪಾಟಲಿಪುತ್ರ, ದಕ್ಷಿಣ ಪ್ರಾಂತ್ಯದ್ದು ಸುವರ್ಣಗಿರಿ. ಇಸಿಲ ಅದರ ಕೈಕೆಳಗೆ ಮಹಾಮಾತ್ರರೆಂಬ ಅಧಿಕಾರಿಗಳು ಕೂತು ಆಡಳಿತ ನಡೆಸುತ್ತಿದ್ದ ಊರು, ಇವತ್ತಿನ ಲೆಕ್ಕದಲ್ಲಿ ಜಿಲ್ಲಾ ಕೇಂದ್ರ ಅನ್ನಿ. ಆದರೆ ಲಂಡನ್ ಎಂಬ ಊರು ಹುಟ್ಟುವುದಕ್ಕೆ ಸುಮಾರು ಮುನ್ನೂರು ವರ್ಷ ಮೊದಲೇ ಇಲ್ಲಿ ಕಚೇರಿ ಇತ್ತು, ಕಾಗದಪತ್ರ ಬರುತ್ತಿತ್ತು.

ಹಾನಗಲ್ ಕ್ರಾಸಿನಲ್ಲಿ ಇಳಿದು ಟೀ ಕುಡಿದು ಆಟೋ ಮಾತಾಡಿ. ಚಾಲಕ ಪಕ್ಕದವನ ಜೊತೆ ತೆಲುಗಿನಲ್ಲಿ ಮಾತಾಡುತ್ತಿದ್ದವನು ನಿಮ್ಮ ಕಡೆ ತಿರುಗಿ ಕನ್ನಡದಲ್ಲಿ ಬಾಡಿಗೆ ಹೇಳುತ್ತಾನೆ. ಗಡಿಸೀಮೆ, ಇಲ್ಲಿ ಎರಡೂ ನಡೆಯುತ್ತದೆ. “ಮೊದ್ಲು ಜಟಂಗಿ ಹತ್ತಿಬಿಡ್ರಿ ಸಾರ್, ಬಿಸ್ಲೇರಿದ್ರೆ ಆಗಲ್ಲ” ಅನ್ನುತ್ತಾನೆ. ಆ ಮಾತು ಕೇಳಿ.

ಜಟಿಂಗ ರಾಮೇಶ್ವರ ಬೆಟ್ಟದ ಮೆಟ್ಟಿಲು ನೂರಾರು. ಅರ್ಧ ದಾರಿಯಲ್ಲಿ ಕೂತು ನೀರು ಕುಡಿದು, ಮಂಗಗಳಿಂದ ಚೀಲ ಕಾಪಾಡಿಕೊಂಡು ಮೇಲೆ ಬಂದರೆ ಗಾಳಿ ಮುಖಕ್ಕೆ ಹೊಡೆಯುತ್ತದೆ. ಸೀತೆಯನ್ನು ಹೊತ್ತೊಯ್ಯುತ್ತಿದ್ದ ರಾವಣನೊಡನೆ ಹೋರಾಡಿ ಜಟಾಯು ಬಿದ್ದದ್ದು ಇಲ್ಲೇ ಎಂಬ ನಂಬಿಕೆಗೆ ಈ ಎತ್ತರ ಒಪ್ಪುತ್ತದೆ. ದೇವಸ್ಥಾನಕ್ಕೆ ಕೈಮುಗಿದು ಬಂದು ಅಶೋಕನ ಶಾಸನ ಎಲ್ಲಿ ಎಂದು ಕೇಳಿ. ನೀವು ಗೋಡೆಯಂತೆ ನಿಂತ ಬಂಡೆ ಹುಡುಕುತ್ತಿರುತ್ತೀರಿ. ಅಲ್ಲಿದ್ದವರು ನೆಲ ತೋರಿಸುತ್ತಾರೆ. ಅಕ್ಷರ ಇರುವುದು ಮಲಗಿದ ಬಂಡೆಯ ಮೇಲೆ. ಇದಕ್ಕೆ ಬಳೆಗಾರ ಗುಂಡು ಎಂದೇ ಹೆಸರು: ಜಾತ್ರೆಯಲ್ಲಿ ಬಳೆಗಾರರು ಅಂಗಡಿ ಹಾಕುತ್ತಿದ್ದ ಜಾಗ. ಹೀಗಾಗಿ ಮೂರು ಪ್ರತಿಗಳಲ್ಲಿ ಹೆಚ್ಚು ಸವೆದದ್ದು ಇದೇ. ಬಗ್ಗಿ, ಬಿಸಿಲು ಅಡ್ಡಲಾಗಿ ಬೀಳುವ ಕಡೆ ಕಣ್ಣಿಟ್ಟರೆ ಒಂದು ಗೀರು, ಒಂದು ಅಡ್ಡಗೆರೆ, ಅಷ್ಟೇ. ಚಕ್ರವರ್ತಿಯ ಮಾತಿನ ಮೇಲೆ ಬಳೆ ವ್ಯಾಪಾರ ನಡೆದದ್ದು ನನಗೇನೂ ಅಪಚಾರ ಅನ್ನಿಸುವುದಿಲ್ಲ. ಜನ ಸೇರುವ ಕಡೆ ಹಾಕಬೇಕೆಂದೇ ಅದನ್ನು ಅಲ್ಲಿ ಹಾಕಿದ್ದಿರಬೇಕು.

ಮೇಲಿನಿಂದಲೇ ಬಯಲು ನೋಡಿಕೊಳ್ಳಿ. ಅಲ್ಲಿ ಬಂಡೆ ಪೇರಿಸಿದ ಹಾಗೆ ಕಾಣುವ ಗುಡ್ಡ ಬ್ರಹ್ಮಗಿರಿ. ಅದರ ಬುಡದ ನೆಲವೇ ಇಸಿಲ. ಊರನ್ನು ನೀವು ಇಡಿಯಾಗಿ ನೋಡುವುದು ಈ ಒಂದು ಸಲ ಮಾತ್ರ, ಅದೂ ಹೊಲದ ರೂಪದಲ್ಲಿ.

ಇಳಿದ ಮೇಲೆ ಸಿದ್ದಾಪುರ. ಈಗ ಅಶೋಕ ಸಿದ್ದಾಪುರ ಎಂದೇ ಕರೆಯುತ್ತಾರೆ. ಇಲ್ಲಿಯ ಪ್ರತಿ ಇರುವ ಬಂಡೆಗಳಿಗೆ ಎಮ್ಮೆ ಕಾಯುತ್ತಿದ್ದ ತಿಮ್ಮಯ್ಯನೊಬ್ಬನ ಹೆಸರು ಅಂಟಿಕೊಂಡಿದೆ, ತೆಲುಗು ಬೆರೆತ ಹೆಸರು: ಯೆನಮನ ತಿಮ್ಮಯ್ಯನ ಗುಂಡ್ಲು. ನೋಡಿ, ಮುಂದೆ ನಡೆಯಿರಿ. ಹೊತ್ತು ಉಳಿಸಿಕೊಳ್ಳಬೇಕಾದ್ದು ಬ್ರಹ್ಮಗಿರಿಗೆ.

ಅಲ್ಲಿಯ ಶಾಸನದ ಬಂಡೆಗೆ ಅಕ್ಷರಗುಂಡು ಎಂದು ಹೆಸರು, ಕೇಳಿದರೆ ದಾರಿಯಲ್ಲಿ ಸಿಕ್ಕ ಯಾರಾದರೂ ತೋರಿಸುತ್ತಾರೆ. ಕುರಿ ಮೇಯಿಸುತ್ತಿದ್ದ ತಾತ ಕೋಲೂರಿ ನಿಂತು, “ಯಾವ ಕಡೆಯಿಂದ ಬಂದ್ರಿ? ಅಕ್ಷರ ನೋಡಕಾ?” ಅನ್ನುತ್ತಾನೆ. “ಹೂಂ ತಾತ” ಎಂದರೆ, “ನೋಡ್ರಿ ನೋಡ್ರಿ, ಓದಕ್ ಬರಂಗಿಲ್ಲ” ಎಂದು ನಗುತ್ತಾನೆ. ಬಂಡೆಗೆ ಈಗ ಮಾಡು ಕಟ್ಟಿ ಕಾಪಾಡಿದ್ದಾರೆ. ಒಳಗಿನ ನೆರಳಿಗೆ ಕಣ್ಣು ಹೊಂದಿಕೊಳ್ಳುವ ತನಕ ಸುಮ್ಮನೆ ನಿಲ್ಲಿ. ಮೊದಲು ಬರೀ ಕಲ್ಲು. ಆಮೇಲೆ ಒಂದು ಕೂಡಿಸುವ ಚಿಹ್ನೆ ಕಾಣುತ್ತದೆ. ಅದು ಬ್ರಾಹ್ಮಿಯ ‘ಕ’. ಅದು ಸಿಕ್ಕಿತೆಂದರೆ ಸಾಲು ಸಿಕ್ಕಿತು. ಹದಿಮೂರು ಸಾಲು, ಬಂಡೆಯ ಏರುತಗ್ಗಿಗೆ ತಕ್ಕಂತೆ ವಾಲಿಕೊಂಡು ಹೋಗುತ್ತವೆ.

1892ರಲ್ಲಿ ಮೈಸೂರು ಸಂಸ್ಥಾನದ ಪುರಾತತ್ವದ ಹೊಣೆ ಹೊತ್ತಿದ್ದ ಬಿ. ಎಲ್. ರೈಸ್ ಇದನ್ನು ಗುರುತಿಸುವ ತನಕ ಅಶೋಕನ ಆಳ್ವಿಕೆ ಇಷ್ಟು ದಕ್ಷಿಣಕ್ಕೆ ಬಂದಿತ್ತು ಎನ್ನಲು ಕೈಗೆ ಸಿಗುವ ಪುರಾವೆ ಇರಲಿಲ್ಲ. ಅಶೋಕ ಎಂಬ ಹೆಸರು ಇಲ್ಲಿ ಇಲ್ಲ, ದೇವಾನಾಂಪ್ರಿಯ ಎಂದಷ್ಟೇ ಇದೆ. ಆ ದೇವಾನಾಂಪ್ರಿಯನೇ ಅಶೋಕ ಎಂದು ಕಲ್ಲೇ ಹೇಳಿದ್ದು ಮುಂದೆ, 1915ರಲ್ಲಿ ರಾಯಚೂರು ಸೀಮೆಯ ಮಸ್ಕಿಯಲ್ಲಿ.

ಒಕ್ಕಣೆ ಶುರುವಾಗುವುದು ಉಪದೇಶದಿಂದಲ್ಲ, ಕ್ಷೇಮಸಮಾಚಾರದಿಂದ. ಸುವರ್ಣಗಿರಿಯಿಂದ ಆರ್ಯಪುತ್ರನೂ, ಎಂದರೆ ರಾಜಕುಮಾರನೂ, ಅಲ್ಲಿನ ಮಹಾಮಾತ್ರರೂ ಇಸಿಲದ ಮಹಾಮಾತ್ರರ ಆರೋಗ್ಯ ವಿಚಾರಿಸಿ, ಆಮೇಲೆ ದೇವಾನಾಂಪ್ರಿಯನ ಅಪ್ಪಣೆ ತಿಳಿಸುತ್ತಾರೆ. ಮೇಲಿನ ಕಚೇರಿಯಿಂದ ಕೆಳಗಿನ ಕಚೇರಿಗೆ ಬಂದ ಕಾಗದದ ಮುಖಪತ್ರವನ್ನೂ ಸೇರಿಸಿ ಕೆತ್ತಿಬಿಟ್ಟಿದ್ದಾರೆ! ಜನರಿಗೆ ಬೇಕಿದ್ದದ್ದು ಒಳಗಿನ ಮಾತು. ಯಾರೋ ಗುಮಾಸ್ತ, ಬಂದದ್ದನ್ನು ಬಂದ ಹಾಗೇ ಏರಿಸಿದ. ಅವನ ಆ ಯಾಂತ್ರಿಕ ನಿಷ್ಠೆಯಿಂದಲೇ ಊರಿನ ಹೆಸರು ಇವತ್ತು ನಮಗೆ ಗೊತ್ತು. ಸುವರ್ಣಗಿರಿ ಎಲ್ಲಿ ಎಂಬುದಕ್ಕೆ ಮಾತ್ರ ವಿದ್ವಾಂಸರ ಜಗಳ ಮುಗಿದಿಲ್ಲ: ಕೆಲವರು ಮಸ್ಕಿ ಹತ್ತಿರದ ಕನಕಗಿರಿ ಅನ್ನುತ್ತಾರೆ, ಕೆಲವರು ಕರ್ನೂಲು ಕಡೆಯ ಜೊನ್ನಗಿರಿ.

ಒಳಗಿನ ಮಾತು ಅರಸನದು. ಉಪಾಸಕನಾಗಿ ಎರಡೂವರೆ ವರ್ಷ ಮೀರಿತು, ಮೊದಲ ಒಂದು ವರ್ಷ ಅಷ್ಟಾಗಿ ಶ್ರಮ ಪಡಲಿಲ್ಲ, ಸಂಘದ ಹತ್ತಿರ ಬಂದ ಮೇಲೆ ವರ್ಷಕ್ಕೂ ಮಿಗಿಲಾಗಿ ಶ್ರಮಿಸಿದೆ ಎನ್ನುತ್ತಾನೆ. ಈ ಫಲ ದೊಡ್ಡವರಿಗೆ ಮಾತ್ರ ಅಲ್ಲ, ಚಿಕ್ಕವರಿಗೂ ಸಿಗುವಂಥದು ಎನ್ನುತ್ತಾನೆ. ಮುಂದಿನದು ತಂದೆತಾಯಿಯರ ಮಾತು ಕೇಳುವುದು, ಜೀವಿಗಳಲ್ಲಿ ದಯೆ, ಸತ್ಯ, ಗುರುವಿಗೆ ಗೌರವ, ನೆಂಟರಲ್ಲಿ ನಡೆದುಕೊಳ್ಳಬೇಕಾದ ರೀತಿ. ಬೌದ್ಧ ತತ್ವದ ಗಹನ ಯಾವುದೂ ಇಲ್ಲ. ಭಾಷೆ ಪ್ರಾಕೃತ, ಈ ಸೀಮೆಯ ಮನೆಮಾತಲ್ಲ. ಯಾರೋ ಇಲ್ಲಿ ನಿಂತು ಓದಿ, ಊರಿನವರಿಗೆ ಅವರ ಮಾತಿನಲ್ಲಿ ಬಿಡಿಸಿ ಹೇಳಿರಲೇಬೇಕು.

ನಡುವೆ 256 ಎಂಬ ಅಂಕಿ ಬರುತ್ತದೆ. ಬುದ್ಧನ ನಿರ್ವಾಣದಿಂದ ಎಣಿಸಿದ ವರ್ಷ ಎಂದು ಹಳಬರು ವಾದಿಸಿದ್ದರು. ಅರಸ ಸಂಚಾರದಲ್ಲಿ ಕಳೆದ 256 ರಾತ್ರಿ ಎಂಬ ಅರ್ಥವೇ ನನಗೆ ಸರಿ ಕಾಣುತ್ತದೆ. ಅರಮನೆ ಬಿಟ್ಟು ತಿಂಗಳುಗಟ್ಟಲೆ ಊರೂರು ಸುತ್ತುತ್ತಿದ್ದವನ ಬಿಡಾರದಿಂದ ಹೊರಟ ಮಾತು ಸುವರ್ಣಗಿರಿ ಹಾದು ಈ ಬಂಡೆಗೆ ಬಂದು ಮುಟ್ಟಿದೆ. ಅದೇ ಕಾಲದಲ್ಲಿ ರೋಮ್ ಕಾರ್ಥೇಜಿನೊಡನೆ ಮೊದಲ ಯುದ್ಧದಲ್ಲಿ ಸಿಕ್ಕಿಕೊಂಡಿತ್ತು. ಅಥೆನ್ಸ್ ಮ್ಯಾಸಿಡೋನಿಯದ ದೊರೆ ಆಂಟಿಗೋನಸನ ಹಿಡಿತದಲ್ಲಿತ್ತು, ಅಶೋಕನ ಹದಿಮೂರನೇ ಬಂಡೆಶಾಸನದಲ್ಲಿ ಹೆಸರಿರುವ ಆಂಟಿಗೋನಸ್ ಅವನೇ. ಅಲ್ಲಿಯ ಸುದ್ದಿ ಈ ಆಡಳಿತಕ್ಕೆ ಗೊತ್ತಿತ್ತು.

ಈಗ ಕೊನೆಯ ಸಾಲಿಗೆ ಬನ್ನಿ. ಬರೆದವನು ಚಪಡ. ಹೆಸರು ಬ್ರಾಹ್ಮಿಯಲ್ಲೇ ಇದೆ. ಆದರೆ ತಾನು ಲಿಪಿಕಾರ ಎಂಬ ಮಾತನ್ನು ಮಾತ್ರ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಖರೋಷ್ಠಿ ಗಾಂಧಾರದ ಕಡೆಯ ಲಿಪಿ, ಇಲ್ಲಿಂದ ಸಾವಿರ ಮೈಲಿಗೂ ಹೆಚ್ಚು ದೂರ. ಇಸಿಲದಲ್ಲಿ ಅದನ್ನು ಓದಬಲ್ಲವರು ಎಷ್ಟು ಜನ ಇದ್ದಾರು? ತನಗೆ ಇನ್ನೊಂದು ಬರಹವೂ ಬರುತ್ತದೆ ಎಂದು ತೋರಿಸುವ ಚಪಲವೋ, ಬಿಟ್ಟುಬಂದ ಊರಿನ ನೆನಪೋ. ನನ್ನ ಮಟ್ಟಿಗೆ ಮೊದಲನೆಯದೇ. ಮೂರು ಕಡೆಯೂ ಅದೇ ರುಜು ಹಾಕಿದ್ದಾನೆ, ನೆನಪು ಅಷ್ಟು ಅಚ್ಚುಕಟ್ಟಾಗಿ ಮೂರು ಸಲ ಬರುವುದಿಲ್ಲ. ಇಡೀ ದಿನದಲ್ಲಿ ಒಂದನ್ನೇ ನೋಡುವಷ್ಟು ಹೊತ್ತಿದ್ದರೆ ಈ ಪದ ನೋಡಿ ಹೋಗಿ.

ಹೊರಗೆ ಬಂದರೆ ಬಿಸಿಲು ನೆತ್ತಿಗೆ ಬಂದಿದೆ. ಗುಡ್ಡದ ಬುಡದಲ್ಲಿ ನಡೆಯುವಾಗ ಕಾಲಿಗೆ ಬೋಕಿ ಸಿಗುತ್ತದೆ. ನೋಡಿ, ಅಲ್ಲೇ ಬಿಡಿ. ಮೈಸೂರು ಪುರಾತತ್ವ ಇಲಾಖೆಯ ಎಂ. ಎಚ್. ಕೃಷ್ಣ ಮೊದಲು ಇಲ್ಲಿ ಅಗೆಸಿದ್ದರು. 1947ರಲ್ಲಿ ಮಾರ್ಟಿಮರ್ ವೀಲರ್ ಬಂದು ಪದರಪದರವಾಗಿ ಬಿಡಿಸಿದರು: ಕೆಳಗೆ ನಯಗೊಳಿಸಿದ ಕಲ್ಗೊಡಲಿಯವರು, ಅವರ ಮೇಲೆ ಕಬ್ಬಿಣ ಬಲ್ಲ ಬೃಹತ್ ಶಿಲಾಗೋರಿಯವರು, ಎಲ್ಲಕ್ಕೂ ಮೇಲೆ ವೀಲರ್ ಆಂಧ್ರ ಸಂಸ್ಕೃತಿ ಎಂದು ಕರೆದ ಶಾತವಾಹನರ ಕಾಲದ ಜನ. ಪುದುಚೇರಿ ಬಳಿಯ ಅರಿಕಮೇಡಿನಲ್ಲಿ ರೋಮನ್ ಸರಕಿನ ಜೊತೆ ಸಿಕ್ಕ ಬಗೆಯ ಮಡಕೆ ಇಲ್ಲಿಯೂ ಸಿಕ್ಕಿದ್ದರಿಂದ ಮೇಲಿನ ಪದರಕ್ಕೆ ಕಾಲ ಕಟ್ಟಲು ಆಯಿತು. ಕೆಳಗಿನ ಪದರಕ್ಕೆ ವೀಲರ್ ಕೊಟ್ಟ ಕಾಲ ತೀರ ಈಚಿನದೆಂದು ಆಮೇಲಿನ ಸಂಶೋಧನೆ ತೋರಿಸಿತು. ಕಲ್ಗೊಡಲಿಯವರು ಇನ್ನೂ ಹಳಬರು.

ಹೊಲದಂಚಿನಲ್ಲಿ ವೃತ್ತವಾಗಿ ನಿಂತ ಕಲ್ಲುಗಳ ಹತ್ತಿರ ಹೋಗಿ. ಚಪ್ಪಡಿ ನಿಲ್ಲಿಸಿ ಕಟ್ಟಿದ ಗೋರಿಗಳು, ಪೂರ್ವದ ಚಪ್ಪಡಿಯಲ್ಲಿ ದುಂಡನೆಯ ಕಿಂಡಿ. ಇಂಥವು ಈ ಬಯಲಿನಲ್ಲಿ ನೂರಾರು ಇದ್ದವು. ಈಗ ಎಷ್ಟೋ ಕಡೆ ಉಳುಮೆ ಬಂದಿದೆ. ಉಳುವವರನ್ನು ಬಯ್ಯುವಂತಿಲ್ಲ, ಮಳೆಯಿಲ್ಲದ ಸೀಮೆಯಲ್ಲಿ ಮೊಳ ನೆಲವೂ ಲೆಕ್ಕಕ್ಕೆ ಬರುತ್ತದೆ. ಇಡೀ ಜಾಗದಲ್ಲಿ ಏನೇನು ಎಲ್ಲಿದೆ ಎಂದು ಹೇಳುವ ಒಂದು ನಕ್ಷೆಯನ್ನು ದೊಡ್ಡದಾಗಿ ಕನ್ನಡದಲ್ಲಿ ಬರೆಸಿ ನಿಲ್ಲಿಸಿದರೆ ಸಾಕು, ಬಂದವರು ತಾವೇ ದಾರಿ ಕಂಡುಕೊಂಡಾರು.

ಮಧ್ಯಾಹ್ನ ಮೊಳಕಾಲ್ಮೂರು. ಊಟ ಮುಗಿಸಿ ಕೋಟೆ ಹತ್ತುವ ಉತ್ಸಾಹ ಇದ್ದವರು ಹತ್ತಲಿ, ಮೆಟ್ಟಿಲು ಬೆಳಿಗ್ಗೆಯೇ ಸಾಕಾಗಿದೆ. ಗುಡ್ಡಗಳ ನಡುವಿನ ಕೆರೆಯ ಬಳಿ ಕೂಗೋ ಬಂಡೆ ಇದೆ. ಕೂಗಿದರೆ ಕೂಗುತ್ತದೆ, ಸ್ಪಷ್ಟವಾಗಿ. ಮಕ್ಕಳು ಜೊತೆಗಿದ್ದರೆ ಅಶೋಕನಿಗಿಂತ ಇದಕ್ಕೇ ಹೆಚ್ಚು ಅಂಕ ಬೀಳುತ್ತದೆ. ಗುಡ್ಡದಲ್ಲಿ ಭೈರವನ ನುಂಕಿಮಲೆಯೂ ಇದೆ, ಅದಕ್ಕೆ ಇನ್ನೊಂದು ದಿನ ಬೇಕು.

ಉಳಿದ ಹೊತ್ತನ್ನು ನೇಕಾರರ ಕೇರಿಗೆ ಕೊಡಿ. ಲಾಳಿ ಓಡುವ ಸದ್ದು ಹಿಡಿದು ಹೋದರೆ ಮನೆ ತಾನಾಗಿ ಸಿಗುತ್ತದೆ. ಪಡಸಾಲೆಯಲ್ಲೇ ಗುಂಡಿ ಮಗ್ಗ, ನೇಯುವವನ ಕಾಲು ಗುಂಡಿಯೊಳಗೆ, ಮೇಲೆ ಜಾಕಾರ್ಡಿನ ರಟ್ಟಿನ ಸರ. ಮೊಳಕಾಲ್ಮೂರು ಸೀರೆಯ ಗುಟ್ಟು ಅಂಚಿನಲ್ಲಿದೆ. ಒಡಲಿಗೆ ಒಂದು ಬಣ್ಣ, ಎರಡೂ ಅಂಚಿಗೆ ಬೇರೆ ಬಣ್ಣ, ಅದಕ್ಕೆ ಮೂರು ಲಾಳಿ. ಅಂಚು ಒಡಲನ್ನು ಕಚ್ಚಿಕೊಳ್ಳುವ ಕಡೆ ಹಲ್ಲುಹಲ್ಲಾಗಿ ಗೋಪುರ ಏಳುತ್ತದೆ. 2011ರಲ್ಲಿ ಈ ಸೀರೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಬಂತು. ಮಾನ್ಯತೆ ಬಂದ ಮಾತ್ರಕ್ಕೆ ವಿದ್ಯುತ್ ಮಗ್ಗದ ನಕಲು ನಿಂತಿಲ್ಲ.

“ಕೂತ್ಕೊಳ್ರಿ, ನೀರು ಕುಡೀರಿ” ಎನ್ನುತ್ತಾ ಮನೆಯ ಅಮ್ಮ ಮಡಿಕೆ ಬಿಚ್ಚುತ್ತಾರೆ. ಒಂದು ಸೀರೆಯ ಹಿಂಬದಿ ತಿರುಗಿಸಿ ತೋರಿಸಿ ಎಂದು ಕೇಳಿ. ಕೈಮಗ್ಗದ್ದೋ ಅಲ್ಲವೋ ಎಂಬುದನ್ನು ಅಂಚು ಕೂಡಿದ ಜಾಗವನ್ನು ಬೆರಳಿನಿಂದ ತೋರಿಸಿ ಅವರೇ ವಿವರಿಸುತ್ತಾರೆ. ಬೆಲೆ ಕೇಳಿದಾಗ ಹುಬ್ಬು ಏರಿಸಬೇಡಿ. ಮಗ್ಗದ ಮೇಲಿರುವ ಸೀರೆ ಇವತ್ತು ಬೆಳಿಗ್ಗೆಯಿಂದ ಎಷ್ಟು ಮುಂದೆ ಹೋಗಿದೆ ಎಂದು ಒಮ್ಮೆ ಕಣ್ಣಳತೆ ಹಾಕಿ, ಆಮೇಲೆ ಚೌಕಾಸಿ ಮಾಡುವುದಾದರೆ ಮಾಡಿ. “ಯಾವ ಬಣ್ಣ ತೆಗೀಲಿ?” ಎಂಬ ಪ್ರಶ್ನೆಗೆ ಬೇಗ ಉತ್ತರ ಹೇಳುವುದು ಒಳ್ಳೆಯದು. ಆಟೋದವನು ಹೊರಗೆ ಹಾರನ್ ಹೊಡೆಯುತ್ತಿದ್ದಾನೆ, ಚಳ್ಳಕೆರೆ ಬಸ್ಸು ಹಾನಗಲ್ ಕ್ರಾಸಿನಲ್ಲಿ ನಿಮಗಾಗಿ ಕಾಯುವುದಿಲ್ಲ.